ಅಕ್ಕನಿಗೆ ಐನೂರು ಆಹ್ವಾನ

"ಇನ್ನು ಮೂರೇ ಮೂರು ಶನಿವಾರ! ಆಮೇಲೆ ನೋಡು, ಈ ಮನೆಯಲ್ಲಿ ಒಬ್ಬ ಪ್ರೋಗ್ರಾಮರ್ ಹುಟ್ಟಿರ್ತಾನೆ!"

ಊಟದ ಮೇಜನ್ನು ಗುದ್ದಿ ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಯಾರದೋ ಕೋಟಿಗೆ ತೋಳು ಜೋಡಿಸುತ್ತಿದ್ದಳು. ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು ಹೇಳಿದಳು: "ಐವತ್ತೊಂದನೇ ವಯಸ್ಸಿನಲ್ಲಿ ಹೆರಿಗೆ ಕಷ್ಟ ರೀ."

ನಾನು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಇಪ್ಪತ್ತಾರು ವರ್ಷಗಳಿಂದ ಊರಿನವರ ಅಲ್ಪಪ್ರಾಣ ಮಹಾಪ್ರಾಣಗಳನ್ನು ಕಾಪಾಡಿಕೊಂಡು ಬಂದಿದ್ದೇನೆ. ಒಂದು ಅಲ್ಪವಿರಾಮ ತಪ್ಪಿಸಿಕೊಂಡರೂ ಹಿಡಿದು ತಂದು ಸಾಲಿನಲ್ಲಿ ನಿಲ್ಲಿಸುವ ಪೊಲೀಸು ನಾನು! ಇಂಥ ನಾನು ಒಂದು ವೆಬ್ ಪುಟಕ್ಕೆ ನಾಲ್ಕು ಸಾಲು ಆಜ್ಞೆ, ಅದೇ ಸ್ಕ್ರಿಪ್ಟ್, ಬರೆಯಲಾರೆನೇ? ಆ ಭಾಷೆಯಲ್ಲಿ ಇರುವುದಾದರೂ ಏನು? ಆವರಣ ಚಿಹ್ನೆ, ಅರ್ಧವಿರಾಮ, ಉದ್ಧರಣ ಚಿಹ್ನೆ. ಎಲ್ಲವೂ ನನ್ನ ಮನೆಯ ನೆಂಟರೇ!

ಈ ಶೌರ್ಯಕ್ಕೆ ಕಾರಣವಿತ್ತು. ಹೆಂಡತಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ತರಗತಿ ಶುರು ಮಾಡಿ ಹತ್ತು ವರ್ಷವಾಗಿತ್ತು. ಈ ಸಲದ ಹನ್ನೊಂದು ಜನ ಶಿಷ್ಯೆಯರು ಹೊಲಿದ ಬಟ್ಟೆಗಳನ್ನು ಒಂದು ಭಾನುವಾರ ಸಂಜೆ ತೂಗುಹಾಕಿ, ಪರಿಚಯದವರನ್ನೆಲ್ಲ ಕರೆದು, ಚಹಾ ಬಿಸ್ಕತ್ತು ಕೊಡಬೇಕೆಂಬುದು ಅವಳ ಆಸೆ. ಹತ್ತು ವರ್ಷದಲ್ಲಿ ಅವಳು ತನಗಾಗಿ ಇಟ್ಟುಕೊಂಡ ಒಂದೇ ಒಂದು ಸಂಜೆ ಅದು.

"ನಿಮ್ಮ ಪ್ರೆಸ್ಸಲ್ಲೇ ಅರವತ್ತೈದು ಕಾರ್ಡು ಹಾಕಿಸ್ಕೊಡಿ ಸಾಕು" ಅಂದಿದ್ದಳು.

"ಕಾರ್ಡಾ? ಈ ಕಾಲದಲ್ಲಾ? ನಿನಗೆ ವೆಬ್ ಪುಟ ಮಾಡ್ಕೊಡ್ತೀನಿ ಕಣೇ! ಒಂದು ಗುಂಡಿ ಒತ್ತಿದ್ರೆ ಅಷ್ಟೂ ಜನಕ್ಕೆ ಹೆಸರು ಹಿಡಿದು ಆಹ್ವಾನ ಹೋಗುತ್ತೆ!"

"ಗುಂಡಿ ಒತ್ತೋದು ಸರಿ. ಗುಂಡಿಗೆ ಬೀಳೋದು ಯಾರು?"

ಮಹಾಪುರುಷರು ಇಂಥದ್ದಕ್ಕೆಲ್ಲ ಉತ್ತರಿಸುವುದಿಲ್ಲ.

ಗ್ರಂಥಾಲಯದ ಮೇಲಂತಸ್ತಿನಲ್ಲಿ ಶನಿವಾರ ಮಧ್ಯಾಹ್ನ ಮೂರಕ್ಕೆ ಪ್ರೋಗ್ರಾಮಿಂಗ್ ತರಗತಿ. ಕಲಿಸುವವರು ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದ ಮೇಡಂ. ಸಣ್ಣ ದನಿ, ದಪ್ಪ ಕನ್ನಡಕ, ಬೆಟ್ಟದಂಥ ತಾಳ್ಮೆ. ನಾವು ಆರು ಜನ ವಿದ್ಯಾರ್ಥಿಗಳು. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಪೆನ್ನು ತಂದವನು ನಾನು.

ಎರಡನೆಯ ಶನಿವಾರ ಮನೆಗೆ ಬಂದವನೇ ಚಪ್ಪಲಿ ಬಿಡುತ್ತಲೇ ಕೂಗಿದೆ: "ಇವತ್ತು ಒಂದು ಫಂಕ್ಷನ್ ಮಾಡಿದೆ ಕಣೇ!"

"ಯಾರದು? ನನ್ನ ಬಿಟ್ಟು ಹೋಗಿದ್ರಾ?"

"ಆ ಫಂಕ್ಷನ್ ಅಲ್ಲ! ಇದು ಸ್ಕ್ರಿಪ್ಟಿನ ಫಂಕ್ಷನ್. ಅಂದ್ರೆ, ಒಂದು ಕೆಲಸ ಹೇಗೆ ಮಾಡ್ಬೇಕು ಅಂತ ಒಂದ್ಸಲ ಬರೆದು, ಅದಕ್ಕೊಂದು ಹೆಸರಿಟ್ಟು ಇಟ್ಕೊಳ್ಳೋದು. ಬರೆದಿಟ್ಟ ಮಾತ್ರಕ್ಕೆ ಏನೂ ಆಗಲ್ಲ, ಸುಮ್ನೆ ಕೂತಿರುತ್ತೆ. ಬೇಕಾದಾಗ ಹೆಸರು ಹಿಡಿದು ಕರೀಬೇಕು. ಕರೆದ ತಕ್ಷಣ ಎದ್ದು ಬಂದು ಕೆಲಸ ಮಾಡ್ಕೊಡುತ್ತೆ!"

"ಹೆಸರು ಹಿಡಿದು ಕರೆದ ತಕ್ಷಣಾನಾ?" ಅವಳ ಹುಬ್ಬು ಮೇಲೇರಿತು. "ನಿಮ್ಮನ್ನ ಇಪ್ಪತ್ಮೂರು ವರ್ಷದಿಂದ ಕರೀತಿದ್ದೀನಿ. ಅಡುಗೆಮನೆ ನಲ್ಲಿ ಇನ್ನೂ ತೊಟ್ಟಿಕ್ತಾನೇ ಇದೆ."

ಮೂರನೆಯ ಶನಿವಾರ ಲೂಪಿನ ಪಾಠ. ಒಂದೇ ಕೆಲಸವನ್ನು ಪಟ್ಟಿಯಲ್ಲಿರುವ ಎಲ್ಲರಿಗೂ ಮಾಡಬೇಕಾದಾಗ ಅರವತ್ತು ಸಲ ಬರೆಯಬೇಕಾಗಿಲ್ಲ, ಲೂಪ್ ಹಾಕಿದರೆ ಸಾಕು. ಮೇಡಂ ಬೋರ್ಡಿನ ಮೇಲೆ ಹೆಸರುಗಳ ಪಟ್ಟಿ ಬರೆದು ಹೇಳಿದರು: "ಮೊದಲ ಹೆಸರಿನ ಮೇಲೆ ಬೆರಳಿಡಿ. ಕೆಲಸ ಮಾಡಿ. ಬೆರಳನ್ನ ಮುಂದಿನ ಹೆಸರಿಗೆ ಸರಿಸಿ. ಮತ್ತೆ ಅದೇ ಕೆಲಸ. ಪಟ್ಟಿ ಮುಗಿಯೋವರೆಗೂ ಹೀಗೇ. ಇನ್ನೊಂದು ಮಾತು. ನಾವು ಒಂದರಿಂದ ಎಣಿಸ್ತೀವಿ, ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತೆ."

ಇಷ್ಟು ಮುಖ್ಯವಾದ ಮಾತು ಹೇಳುವಾಗ ನಾನೇನು ಮಾಡುತ್ತಿದ್ದೆ? ಬಚ್ಚಿಡುವುದಿಲ್ಲ. ಬೋರ್ಡಿನ ಮೇಲೆ ಮೇಡಂ 'ವಿದ್ಯಾರ್ಥಿ'ಯ ಹೊಟ್ಟೆ ಸೀಳುವುದನ್ನು ಮರೆತಿದ್ದರು. ಆ ಮಹಾಪ್ರಾಣ ನನ್ನ ಪ್ರಾಣ ತಿನ್ನುತ್ತಿತ್ತು. ಕೈಯೆತ್ತಿ ಅದನ್ನು ತಿಳಿಸಿ, ತಿದ್ದಿಸಿ, ಮೀಸೆಯಂಚಿನಲ್ಲಿ ನಕ್ಕು ಕೂರುವಷ್ಟರಲ್ಲಿ ಬೆರಳೂ ಸೊನ್ನೆಯೂ ದಾಟಿ ಹೋಗಿದ್ದವು.

ಮರುದಿನ ಭಾನುವಾರ ಬೆಳಿಗ್ಗೆ. ಸಮಾರಂಭಕ್ಕೆ ಇನ್ನು ಒಂದು ವಾರ. ಪುಟ ತಯಾರಾಯಿತು. ತಿಳಿನೀಲಿ ಬಣ್ಣ, ನಡುವೆ ಒಂದು ಹೊಲಿಗೆ ಯಂತ್ರದ ಚಿತ್ರ, ಕೆಳಗೆ 'ಎಲ್ಲರನ್ನೂ ಕರೆ' ಎಂಬ ಕೆಂಪು ಗುಂಡಿ. ಅಭ್ಯಾಸಕ್ಕೆಂದು ಮೇಡಂ ಒಂದು ಸಂದೇಶ ಸೇವೆಯ ಖಾತೆ ತೆರೆದುಕೊಟ್ಟಿದ್ದರು. ಅದರ ಮೂಲಕ ನಮ್ಮ ಪುಟ ಯಾರ ಫೋನಿಗೆ ಬೇಕಾದರೂ ಸಂದೇಶ ಕಳಿಸಬಹುದಿತ್ತು. ಹೆಸರು ಕೊಟ್ಟರೆ ಆಹ್ವಾನ ಬರೆದು ಕಳಿಸುವ ಫಂಕ್ಷನ್ ನನ್ನದೇ ರಚನೆ. ಆ ಆಹ್ವಾನವನ್ನಾದರೂ ಕೇಳಿ: 'ಪ್ರೀತಿಯ ಇಂಥವರೇ, ತಾವಿಲ್ಲದ ಸಂಭ್ರಮ ನಮಗೆ ಸಂಭ್ರಮವೇ ಅಲ್ಲ. ಬರುವ ಭಾನುವಾರ ಸಂಜೆ ನಾಲ್ಕಕ್ಕೆ ದಯವಿಟ್ಟು ಬನ್ನಿ. ಬಾಗಿಲಲ್ಲೇ ಕಾಯುತ್ತಿರುತ್ತೇನೆ.' ಬರೆದು ನಾನೇ ಒಮ್ಮೆ ಕಣ್ಣೊರೆಸಿಕೊಂಡೆ. ಕೆಳಗೆ ಹೆಂಡತಿಯ ಸಹಿ.

ಹೆಸರುಗಳನ್ನು ಅವಳ ಫೋನಿನಿಂದಲೇ ಎತ್ತಿಕೊಂಡೆ. ಅರವತ್ತೈದು ಹೆಸರು, ಅಕಾರಾದಿಯಾಗಿ. ಮೊದಲನೆಯದು 'ಅಕ್ಕ'.

ಹೆಂಡತಿ ಭುಜದ ಹಿಂದಿನಿಂದ ಇಣುಕಿ ಆ ಹೆಸರಿನ ಮೇಲೆ ಬೆರಳಿಟ್ಟಳು. ಆಮೇಲೆ ಹೇಳಿದಳು: "ಅದೊಂದನ್ನ ತೆಗೆದುಬಿಡಿ."

ಇಲ್ಲಿ ಸ್ವಲ್ಪ ನಗು ನಿಲ್ಲಿಸಿ ಹೇಳಬೇಕು. ಅಕ್ಕ ಅಂದರೆ ನನ್ನ ಹೆಂಡತಿಯ ಒಡಹುಟ್ಟಿದ ಅಕ್ಕ. ಊರಿನ ಆ ತುದಿಯಲ್ಲಿ ಮನೆ, ಬಸ್ಸಿನಲ್ಲಿ ನಲವತ್ತು ನಿಮಿಷ. ಎರಡು ವರ್ಷದ ಹಿಂದೆ ಅವರ ತಾಯಿ ತೀರಿಕೊಂಡಾಗ ಇಬ್ಬರೂ ಸೇರಿ ಆಕೆಯ ಕೋಣೆ ಖಾಲಿ ಮಾಡಿದರು. ತಾಯಿಯ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವನ್ನು ಅಕ್ಕ ಒಯ್ದರು. ನನ್ನವಳು ಹೊಲಿಗೆ ಕಲಿತದ್ದು ಆ ಯಂತ್ರದ ಮೇಲೆ. "ಸೂಜಿಗೆ ದಾರ ಪೋಣಿಸೋಕೂ ಬರದವಳಿಗೆ ಅದ್ಯಾಕೆ?" ಅಂದಳು ಇವಳು. "ಎಲ್ಲಾ ನಿನಗೇ ಆಗ್ಬೇಕಾ?" ಅಂದರು ಅವರು. ಅಂದು ಮುಚ್ಚಿದ ಬಾಯಿ ಎರಡು ಕಡೆಯೂ ತೆರೆದಿರಲಿಲ್ಲ. ಆದರೆ ಇವಳು ಫೋನಿನಿಂದ ಹೆಸರನ್ನೂ ಅಳಿಸಿರಲಿಲ್ಲ. ದಿನಾ ಫೋನು ತೆರೆದರೆ ಮೊದಲು ಕಾಣುವುದು ಅದೇ.

"ತೆಗೆದೆ" ಅಂದೆ. 'ಪಟ್ಟಿಯಿಂದ ಒಂದನೆಯ ಹೆಸರನ್ನು ಕಿತ್ತುಹಾಕು' ಎಂದು ಆಜ್ಞೆ ಬರೆದೆ. ಅವಳು ದಾರದುಂಡೆ ತರಲು ಅಂಗಡಿಗೆ ಹೋದಳು.

ಗುಂಡಿ ಒತ್ತಿದೆ!

ಪುಟದ ಮೂಲೆಯಲ್ಲಿ 'ಕಳಿಸಿದ್ದು' ಎಂಬ ಎಣಿಕೆ ಓಡತೊಡಗಿತು. ಹತ್ತು, ಇಪ್ಪತ್ತು, ನಲವತ್ತು... ಅರವತ್ತನಾಲ್ಕು! ಎದ್ದು ನಿಂತು ಒಬ್ಬನೇ ಚಪ್ಪಾಳೆ ತಟ್ಟಿದೆ. ಅರವತ್ತೈದು. ಇರಲಿ, ಒಂದು ಹೆಚ್ಚು. ಎಪ್ಪತ್ತು. ತೊಂಬತ್ತು. ನೂರ ಇಪ್ಪತ್ತು. ಚಪ್ಪಾಳೆ ನಿಂತಿತು. ನಮಗೆ ಇಷ್ಟು ಜನ ಪರಿಚಯವಿದ್ದಾರೆಯೇ! ಇನ್ನೂರು. ಗುಂಡಿಯನ್ನು ಮತ್ತೊಮ್ಮೆ ಒತ್ತಿದೆ. ನಿಲ್ಲಲಿಲ್ಲ. "ಸಾಕು!" ಅಂದೆ. ಕೇಳಲಿಲ್ಲ. ಮುನ್ನೂರು. ಪರದೆಯನ್ನು ಕೈಯಿಂದ ಮುಚ್ಚಿದೆ. ಬೆರಳ ಸಂದಿನಲ್ಲಿ ನಾನೂರು ಕಂಡಿತು. ಕಂಪ್ಯೂಟರಿನ ತಂತಿ ಕೀಳೋಣವೆಂದು ಮೇಜಿನಡಿ ನುಸುಳಿ, ತಲೆ ಚಚ್ಚಿಸಿಕೊಂಡು, ಇಸ್ತ್ರಿ ಪೆಟ್ಟಿಗೆಯ ತಂತಿ ಕಿತ್ತು ಹೊರಬಂದೆ. ಐನೂರಕ್ಕೆ ತಾನಾಗಿಯೇ ನಿಂತಿತ್ತು. 'ಇಂದಿನ ಮಿತಿ ಮುಗಿದಿದೆ. ನಮ್ಮ ಸೇವೆ ಬಳಸಿದ್ದಕ್ಕೆ ಧನ್ಯವಾದಗಳು.'

ಯಾರ್‍ಯಾರಿಗೆ ಹೋಗಿದೆ ಎಂದು ತೆರೆದು ನೋಡಿದೆ. ಅಕ್ಕ. ಅಕ್ಕ. ಅಕ್ಕ. ಕೆಳಗೆ ಸರಿಸಿದೆ. ಅಕ್ಕ. ಅಕ್ಕ. ಪುಟ ತಿರುವಿದೆ. ಅಕ್ಕ! ಆದಿಯೂ ಅಕ್ಕ, ಅಂತ್ಯವೂ ಅಕ್ಕ, ಸರ್ವಂ ಅಕ್ಕಮಯಂ!

ಮೇಡಂಗೆ ಫೋನು ಮಾಡಿದೆ. ನನ್ನ ಸ್ಕ್ರಿಪ್ಟನ್ನು ಓದಿಸಿಕೊಂಡು ಅವರು ಎರಡು ಸಲ ಕೆಮ್ಮಿದರು. ನಗುವನ್ನು ನುಂಗುತ್ತಿದ್ದರು ಅಂತ ಆಮೇಲೆ ತಿಳಿಯಿತು.

"ಬೆರಳು ಸರಿಸೋದನ್ನೇ ಬರ್ದಿಲ್ಲ ನೀವು. ಮೊದಲ ಹೆಸರಿನ ಮೇಲೇ ಬೆರಳಿಟ್ಕೊಂಡು ಕೂತಿದ್ದೀರಿ. ಪಟ್ಟಿ ಮುಗಿಯೋದೇ ಇಲ್ಲ."

"ಆದ್ರೆ ಅಕ್ಕನ ಹೆಸರು ತೆಗೆದಿದ್ದೆ ಮೇಡಂ! ಒಂದನೇದು ತೆಗಿ ಅಂತ ಸ್ಪಷ್ಟವಾಗಿ ಬರೆದಿದ್ದೀನಿ!"

"ಅದು ಸೊನ್ನೆಯಿಂದ ಎಣಿಸುತ್ತೆ. ಅಕ್ಕ ಸೊನ್ನೆ. ಒಂದು ಅಂದ್ರೆ ಎರಡನೇ ಹೆಸರು. ಅಲ್ಲಿ ಯಾರಿದ್ರು?"

ನೋಡಿದೆ. 'ಅಜ್ಜಿ ಪಕ್ಕದ್ಮನೆ'. ದಿನಾ ಬೆಳಿಗ್ಗೆ ನಮ್ಮ ಗಿಡಗಳಿಗೂ ನೀರು ಹಾಕುವ ಆ ಮುದುಕಿಯನ್ನು ಪಟ್ಟಿಯಿಂದ ಕಿತ್ತೆಸೆದಿದ್ದೆ! ಲೂಪ್ ಹಾಕಲು ಹೋಗಿ ಇಷ್ಟು ಲೋಪವೇ!

ಫೋನು ಕೆಳಗಿಡುವಷ್ಟರಲ್ಲಿ ಮತ್ತೆ ಬಡಿಯಿತು. ನನ್ನ ಷಡ್ಡಕ, ಅಂದರೆ ಅಕ್ಕನ ಗಂಡ. ವರ್ಷಕ್ಕೆ ಮೂರು ವಾಕ್ಯ ಮಾತಾಡುವ ಮನುಷ್ಯ. ಅಂದು ಒಂದೇ ಉಸಿರಿಗೆ ಎರಡು ವರ್ಷದ ಲೆಕ್ಕ ಮುಗಿಸಿದರು.

"ಸ್ವಾಮೀ, ಅದೇನು ಬರ್ತಾನೇ ಇತ್ತು! ಅವಳ ಫೋನು ಅಡುಗೆಕಟ್ಟೆ ಮೇಲಿತ್ತು. ಝುಂಯ್ ಝುಂಯ್ ಅಂತ ನಡುಗ್ತಾ ನಡುಗ್ತಾ ತಾನೇ ನಡ್ಕೊಂಡು ಹೋಗಿ ಪಾತ್ರೆ ತೊಳೆಯೋ ನೀರಿಗೆ ಬಿತ್ತು! ನೀರೊಳಗೂ ಬರ್ತಾನೇ ಇತ್ತು, ಎತ್ತಿ ಒರೆಸಿದ್ಮೇಲೂ ಬಂತು!"

"ಅಕ್ಕ ಏನಂದ್ರು?" ಅಂದೆ.

"ಮೊದಲು ಬೈದಳು. ಐವತ್ತಾದ ಮೇಲೆ ಸುಮ್ಮನಾದಳು. ನೂರಾದ ಮೇಲೆ ಅತ್ತಳು. ಈಗ ಕೋಣೆ ಬಾಗಿಲು ಹಾಕ್ಕೊಂಡಿದ್ದಾಳೆ." ಸ್ವಲ್ಪ ತಡೆದು ಸೇರಿಸಿದರು: "ಇನ್ನೊಂದು ಹೇಳು ಅಂದಳು. ಪ್ರೀತಿಗೆ ದೀರ್ಘ ಬೇಕಂತೆ. ನೀವು 'ಪ್ರಿತಿ' ಅಂತ ಬರೆದಿದ್ದೀರಂತೆ. ಐನೂರು ಕಡೇನೂ."

ಅಕ್ಕ ಶಾಲೆಯಲ್ಲಿ ಭಾಷೆ ಕಲಿಸುವವರು. ಇಪ್ಪತ್ತಾರು ವರ್ಷದ ನನ್ನ ಕೀರ್ತಿ ಪಾತ್ರೆ ತೊಳೆಯುವ ನೀರಿನಲ್ಲಿ ಮುಳುಗಿತು.

ಹೆಂಡತಿ ಬಂದಳು. ಹೇಳದೆ ವಿಧಿಯಿರಲಿಲ್ಲ. ಹೇಳಿದೆ. ದಾರದುಂಡೆಗಳ ಚೀಲ ಅವಳ ಕೈಯಿಂದ ಜಾರಿ ಬಣ್ಣಬಣ್ಣದ ಉಂಡೆಗಳು ಕೋಣೆ ತುಂಬ ಉರುಳಿದವು. ಇಬ್ಬರೂ ಹೆಕ್ಕಲಿಲ್ಲ.

"ಐನೂರು ಸಲ! 'ದಯವಿಟ್ಟು ಬನ್ನಿ' ಅಂತ, ನಾನು! ಅವಳ ಹತ್ರ ಬೇಡ್ಕೊಂಡ ಹಾಗಾಯ್ತಲ್ಲ ರೀ!"

"ಬೇಡ್ಕೊಂಡಿದ್ದು ನೀನಲ್ಲ, ಲೂಪು..."

"ನಿಮ್ಮ ಲೂಪಿಗೆ ಬೆಂಕಿ ಹಾಕ! ಈಗಲೇ ಫೋನ್ ಮಾಡಿ. ಇದು ಕಂಪ್ಯೂಟರ್ ತಪ್ಪು, ನಾನು ಕರೆದಿಲ್ಲ ಅಂತ ಹೇಳಿ."

"ಹಾಗೆ ಹೇಳಿದ್ರೆ ಅವರು ಬರಲ್ಲ ಕಣೇ."

"ಬರಬೇಡಿ ಅಂತ ಹೇಳಿ ಅನ್ನಲಿಲ್ಲ ನಾನು" ಅಂದಳು. ದನಿ ಸಣ್ಣಗಾಗಿತ್ತು. "ನಾನು ಕರೆದಿಲ್ಲ ಅಂತ ಹೇಳಿ, ಅಷ್ಟೇ."

ಈ ಎರಡರ ನಡುವಿನ ವ್ಯತ್ಯಾಸ ತಿಳಿಯಬೇಕಾದರೆ ಒಡಹುಟ್ಟಿದವಳಾಗಿ ಹುಟ್ಟಬೇಕು. ನಾನು ಹಿತ್ತಲಿಗೆ ಹೋಗಿ ಷಡ್ಡಕನ ಫೋನಿಗೆ ಕರೆ ಮಾಡಿದೆ. ಅಕ್ಕನೇ ಎತ್ತಿದರು.

"ಅಕ್ಕ, ಒಂದು ತಪ್ಪಾಗಿ..."

"ಅವಳಿಗೆ ಹೇಳಿ, ನಾನು ಬರ್ತೀನಿ" ಅಂದರು ಅಕ್ಕ. ಮೂಗು ಕಟ್ಟಿದ ದನಿ. "ಒಂದೇ ಒಂದು ಸಲ ಕರೆದಿದ್ರೂ ಬರ್ತಿದ್ದೆ. ಭಾನುವಾರ ನಾಲ್ಕು ಗಂಟೆಗೆ ತಾನೇ?"

ನೀವೇ ಹೇಳಿ, ಆ ದನಿ ಕೇಳಿದ ಮೇಲೆ ಯಾವ ಗಂಡಸು 'ಅದು ಬೆರಳಿನ ತಪ್ಪು' ಅನ್ನುತ್ತಾನೆ? "ಹೌದು, ನಾಲ್ಕು ಗಂಟೆಗೆ" ಅಂದೆ.

ಒಳಗೆ ಬಂದೆ. "ಹೇಳಿದ್ರಾ?" ಅಂದಳು ಹೆಂಡತಿ.

"ಮಾತಾಡಿದೆ."

"ಏನಂದಳು?"

"ಸರಿ ಅಂದ್ರು."

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೂ ಆ ವಾರವಿಡೀ ನಾನು ಕಳ್ಳನಂತೆ ಗೋಡೆ ಬದಿಗೆ ನಡೆದೆ. ಹೆಂಡತಿಯೂ ಮಂಕಾಗಿದ್ದಳು. 'ಸರಿ' ಅಂದದ್ದನ್ನು ಅವಳು 'ಬರುವುದಿಲ್ಲ' ಎಂದೇ ಅರ್ಥ ಮಾಡಿಕೊಂಡಿದ್ದಳು. ಎರಡು ಸಲ ಅವಳು ಫೋನು ಕೈಗೆತ್ತಿಕೊಂಡು ಮೊದಲ ಹೆಸರನ್ನೇ ನೋಡುತ್ತ ನಿಂತದ್ದನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ಹೇಳಿಬಿಡಲೇ ಎಂದು ಬಾಯಿ ತೆರೆದೆ. ಹೇಳಿದರೆ ಇವಳು ಜಂಬ ಬಿಡದೆ, 'ಕರೆದದ್ದು ನಾನಲ್ಲ' ಎಂದು ತಾನೇ ಫೋನು ಮಾಡಿಬಿಡುತ್ತಾಳೆ! ಬಾಯಿ ಮುಚ್ಚಿದೆ.

ಸೋಮವಾರ ಸಂಜೆ ಮೇಡಂ ತಾವೇ ಕೂತು ಲೂಪನ್ನು ತಿದ್ದಿಸಿದರು. ದೀರ್ಘವನ್ನು ನಾನೇ ತಿದ್ದಿದೆ. ಉಳಿದವರಿಗೆಲ್ಲ ಒಂದೊಂದೇ ಆಹ್ವಾನ ಅಚ್ಚುಕಟ್ಟಾಗಿ ಹೋಯಿತು. ಅಬ್ಬಾ ಎಂದು ಉಸಿರುಬಿಟ್ಟೆ. ಹಾಗೆ ಉಸಿರುಬಿಟ್ಟಾಗಲೆಲ್ಲ ಏನೋ ಒಂದು ಕಾದಿರುತ್ತದೆ ಎಂಬುದು ನನಗೆ ಹೊಳೆಯಬೇಕಿತ್ತು.

ಭಾನುವಾರ ಬಂತು. ಮುಂದಿನ ಕೋಣೆಯ ಗೋಡೆಗುಂಟ ಹಗ್ಗ ಕಟ್ಟಿ ಕೋಟು, ಫ್ರಾಕು, ಅಂಗಿ, ಪರದೆಗಳನ್ನು ತೂಗುಹಾಕಿದ್ದರು. ಹನ್ನೊಂದು ಜನ ಶಿಷ್ಯೆಯರು ತಮ್ಮ ತಮ್ಮ ಬಟ್ಟೆಯ ಕೆಳಗೆ ಪರೀಕ್ಷೆಗೆ ನಿಂತವರಂತೆ ನಿಂತಿದ್ದರು. ಹೆಂಡತಿ ಕುತ್ತಿಗೆಗೆ ಅಳತೆ ಪಟ್ಟಿ ಹಾಕಿಕೊಂಡೇ ಇದ್ದಳು. ಅದಿಲ್ಲದೆ ಅವಳಿಗೆ ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ.

ಎಲ್ಲರಿಗಿಂತ ಮೊದಲು ಪಕ್ಕದ ಮನೆ ಅಜ್ಜಿ ಬಂದರು. ಮಡಿಸುವ ಕುರ್ಚಿಯೊಂದನ್ನು ತಾವೇ ಕಂಕುಳಲ್ಲಿ ಹೊತ್ತುಕೊಂಡು!

"ಬೀದಿಗೆಲ್ಲ ಹೇಳಿಕೆ ಬಂತಂತೆ. ನನಗೆ ಮಾತ್ರ ಇಲ್ಲ" ಅಂದರು. "ಕರೀದೇ ಬಂದಿದ್ದೀನಿ. ಅದಕ್ಕೇ ಕುರ್ಚಿ ನಂದೇ ತಂದಿದ್ದೀನಿ. ನಿಮ್ಮ ಕುರ್ಚೀಲಿ ಕೂರಲ್ಲ." ಹೀಗೆಂದು ನಡುಕೋಣೆಯಲ್ಲಿ ಸಿಂಹಾಸನ ಹಾಕಿ ಕೂತರು. ಕಿತ್ತ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸಲು ಮರೆತದ್ದು ಆಗ ಹೊಳೆದು, ನಾನು ಬಗ್ಗಿ ಕ್ಷಮೆ ಕೇಳಿದೆ. ಎರಡು ಬಿಸ್ಕತ್ತು ಕೊಟ್ಟೆ. ಮೂರನೆಯದಕ್ಕೆ ಕ್ಷಮಿಸಿದರು.

ಆಮೇಲೆ ಬಂದದ್ದು ಒಬ್ಬ ಗಿಡ್ಡ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಂಭೀರವಾಗಿ. ಹೆಂಡತಿಗೆ ನಮಸ್ಕರಿಸಿ ಹೇಳಿದ: "ಮೇಡಂ, ನಾನೇ ನಿಮ್ಮ ಪ್ರೀತಿಯ 'ಪ್ಲಂಬರ್ ಕುಳ್ಳ'. 'ಪ್ಲಂಬರ್ ಉದ್ದ' ಹಿಂದೆ ಬರ್ತಿದ್ದಾನೆ."

ಹೆಂಡತಿಯ ನಗು ಮುಖದ ಮೇಲೆಯೇ ಗಟ್ಟಿಯಾಯಿತು. ನನಗೆ ಆಗ ಹೊಳೆಯಿತು. ಫೋನಿನಲ್ಲಿ ಅವಳು ಗುರುತಿಗೆಂದು ಬರೆದಿಟ್ಟುಕೊಂಡ ಹೆಸರುಗಳನ್ನು ನಾನು ಇದ್ದದ್ದು ಇದ್ದ ಹಾಗೆ, ಒಂದು ಅಕ್ಷರವನ್ನೂ ತಿದ್ದದೆ ಫಂಕ್ಷನ್ನಿಗೆ ಕೊಟ್ಟಿದ್ದೆ!

ಬಾಗಿಲಲ್ಲಿ ದೊಡ್ಡ ದನಿ ಕೇಳಿತು: "ಎಲ್ಲಿ ಅವಳು? 'ಪ್ರೀತಿಯ ಸದಾ ಲೇಟ್ ಅವರೇ' ಅಂತೆ! ನೋಡು, ಇವತ್ತು ಅರ್ಧ ಗಂಟೆ ಮುಂಚೆ ಬಂದಿದ್ದೀನಿ!" ಹಿಂದೆಯೇ ಮೆತ್ತಗೆ ಇನ್ನೊಂದು ದನಿ: "ನಾನು 'ಸೊಂಟ ಮೂವತ್ತೆಂಟು'. ಈಗ ಮೂವತ್ತಾರಾಗಿದೆ. ತಿದ್ಕೊಳ್ಳಿ."

"ರೀ" ಅಂದಳು ಹೆಂಡತಿ, ಹಲ್ಲು ಕಚ್ಚಿ, ನಗುತ್ತಲೇ. "ಎಲ್ಲರೂ ಹೋದ ಮೇಲೆ ನಿಮ್ಮ ಹತ್ರ ಸ್ವಲ್ಪ ಮಾತಾಡೋದಿದೆ."

ಆದರೆ ಏನಾಶ್ಚರ್ಯ! ಯಾರೂ ಮುನಿಸಿಕೊಂಡು ಮನೆಯಲ್ಲಿ ಉಳಿಯಲಿಲ್ಲ. ಒಬ್ಬರ ಹೆಸರು ಇನ್ನೊಬ್ಬರು ಕೇಳಿ ನಕ್ಕು, ತಮ್ಮದನ್ನೂ ಹೇಳಿ ನಗಿಸಿ, ಗುರುತಿಲ್ಲದವರೂ ಗೆಳೆಯರಾದರು. ಕೋಣೆ ತುಂಬಿ ಅಂಗಳಕ್ಕೆ ಚೆಲ್ಲಿತು. ಲೆಕ್ಕದ ಮೇಡಂ ಕೂಡ ಬಂದು ಅಜ್ಜಿಯ ಪಕ್ಕ ನಿಂತು ಚಹಾ ಹಿಡಿದಿದ್ದರು. ಶಿಷ್ಯೆಯರು ತಮ್ಮ ಅಂಗಿಗಳ ಒಳಹೊಲಿಗೆಯನ್ನು ಮಗುಚಿ ತೋರಿಸುತ್ತಿದ್ದರು.

ನಾಲ್ಕಕ್ಕೆ ಸರಿಯಾಗಿ ಮನೆಯ ಮುಂದೆ ಒಂದು ಸಾಮಾನಿನ ವ್ಯಾನು ನಿಂತಿತು.

ಮೊದಲು ಷಡ್ಡಕ ಇಳಿದರು. ಆಮೇಲೆ ಅಕ್ಕ. ಎರಡು ವರ್ಷದಲ್ಲಿ ಕೂದಲು ಬೆಳ್ಳಗಾಗಿತ್ತು. ಪ್ಲಂಬರ್ ಉದ್ದನೂ ಷಡ್ಡಕನೂ ಸೇರಿ ವ್ಯಾನಿನಿಂದ ಭಾರವಾದದ್ದೊಂದನ್ನು ಇಳಿಸಿ ಒಳಗೆ ತಂದರು. ಮೇಲೆ ಹೊದಿಸಿದ್ದ ಹಳೆಯ ಚಾದರದ ಕೆಳಗೆ ಕಬ್ಬಿಣದ ಕಾಲುಗಳು ಕಂಡವು.

ನನ್ನ ಹೆಂಡತಿ ಅಳತೆ ಪಟ್ಟಿಯ ಎರಡೂ ತುದಿ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದಳು. ಒಮ್ಮೆ ನನ್ನತ್ತ ನೋಡಿದಳು. 'ಹೇಳಿದ್ರಾ, ಇಲ್ವಾ?' ಎಂಬ ಪ್ರಶ್ನೆ ಆ ಕಣ್ಣಲ್ಲಿತ್ತು. ನಾನು ಹಗ್ಗಕ್ಕೆ ತೂಗುಹಾಕಿದ್ದ ಪರದೆಯೊಂದರ ಹಿಂದೆ ಅರ್ಧ ಅಡಗಿದೆ.

ಅಕ್ಕ ಚಾದರ ಸರಿಸಿದರು. "ಅಮ್ಮನ ಮೆಷಿನ್ನು. ಎರಡು ವರ್ಷ ಇದರ ಮೇಲೆ ಹೂಕುಂಡ ಇಟ್ಟಿದ್ದೆ."

"ಹೂಕುಂಡಾನಾ!" ಹೆಂಡತಿಯ ಬಾಯಿಂದ ತಾನಾಗಿ ಬಂತು. "ನೀರು ಬಿದ್ದು ತುಕ್ಕು ಹಿಡಿಯಲ್ವಾ?"

"ಹಿಡಿದಿದೆ. ಬೈಯಿ. ಆಮೇಲೆ ಬೈಯಿ." ಅಕ್ಕ ಕಣ್ಣೊರೆಸಿಕೊಂಡರು. "ಅಮ್ಮ ನಿನಗೆ ಹೊಲಿಗೆ ಕಲಿಸಿದಳು. ಪಕ್ಕದಲ್ಲಿ ಕೂರಿಸ್ಕೊಂಡು ದಿನಾ ಕಲಿಸಿದಳು. ನಾನು ಪುಸ್ತಕ ಹಿಡ್ಕೊಂಡು ಹೊರಗೆ ಕೂತಿರ್ತಿದ್ದೆ. ನನಗೆ ಅಂತ ಅವಳದು ಏನಿತ್ತು ಹೇಳು? ಅದಕ್ಕೇ ಇದನ್ನ ಒಯ್ದೆ. ಒಯ್ದು ಏನ್ ಮಾಡ್ಲಿ? ಅದು ನನ್ನ ಹತ್ರ ಮಾತೇ ಆಡಲಿಲ್ಲ." ಆಮೇಲೆ ಅಳುವಿನ ನಡುವೆಯೇ ನಕ್ಕರು. "ಹುಚ್ಚಿ, ಐನೂರು ಸಲ ಕರೆಯೋದಾ? ಕೈ ನೋಯಲಿಲ್ವಾ?"

ನಾನು ಪರದೆಯನ್ನು ಬಿಗಿಯಾಗಿ ಹಿಡಿದೆ. ಈಗ ಇವಳು ಸತ್ಯ ಹೇಳುತ್ತಾಳೆ. ನಾನಲ್ಲ, ಈ ಪರದೆಯ ಹಿಂದಿರುವ ಪೆದ್ದ, ಅನ್ನುತ್ತಾಳೆ. ಅಕ್ಕ ಬಂದ ದಾರಿಯಲ್ಲೇ ಹಿಂತಿರುಗುತ್ತಾರೆ. ಹತ್ತು ವರ್ಷದ ಸಂಜೆ ಹಾಳಾಗುತ್ತದೆ.

ಹೆಂಡತಿ ಅಳತೆ ಪಟ್ಟಿ ಬಿಟ್ಟಳು.

"ಹೂಂ, ನೋಯ್ತು" ಅಂದಳು. "ಹೆಬ್ಬೆರಳು ಊದಿಹೋಗಿತ್ತು."

ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ಸಲೀಸಾಗಿ ಅವಳು ಜೀವಮಾನದಲ್ಲಿ ಹೇಳಿರಲಿಲ್ಲ. ಅಕ್ಕ ಅವಳ ಹೆಬ್ಬೆರಳನ್ನು ಹಿಡಿದುಕೊಂಡರು. ಆಮೇಲೆ ನನಗೆ ಕಾಣಲಿಲ್ಲ. ಪರದೆಯಲ್ಲಿ ಮೂಗೊರೆಸಿಕೊಂಡಿದ್ದಕ್ಕೆ, ಅದನ್ನು ಹೊಲಿದ ಶಿಷ್ಯೆ ನನ್ನನ್ನು ಗದರಿಸುತ್ತಿದ್ದಳು.

ಚಹಾ ತುಂಬಿಸಲು ಅಡುಗೆಮನೆಗೆ ಹೋದಾಗ ಅಕ್ಕ ಹಿಂದೆಯೇ ಬಂದರು. ನಾನು ಕೈಮುಗಿದೆ. "ಅಕ್ಕ, ಬಚ್ಚಿಟ್ಟು ಬದುಕೋಕೆ ನನ್ನಿಂದಾಗಲ್ಲ. ಆ ಐನೂರು..."

"ನೀವು ಕಳಿಸಿದ್ದು. ನನಗೆ ಮೊದಲನೇದಕ್ಕೇ ಗೊತ್ತಾಯ್ತು" ಅಂದರು ಅಕ್ಕ. "ಹುಟ್ಟಿದಾಗಿಂದ ಅವಳು ನನಗೆ ಒಂದು ಸಲ ಆದ್ರೂ 'ದಯವಿಟ್ಟು' ಅಂದಿದ್ದಾಳಾ?"

"ಮತ್ತೆ... ಅತ್ತಿರಂತೆ?"

"ಅವಳ ಫೋನಲ್ಲಿ ನನ್ನ ಹೆಸರು ಇನ್ನೂ ಇದೆಯಲ್ಲ ಅಂತ ಅತ್ತೆ." ಲೋಟಗಳನ್ನು ತಟ್ಟೆಯಲ್ಲಿ ಜೋಡಿಸುತ್ತ ಮೆಲ್ಲಗೆ ಹೇಳಿದರು: "ಬರೋಕೆ ಒಂದು ನೆಪ ಬೇಕಿತ್ತು. ನೀವು ಐನೂರು ಕೊಟ್ಟಿರಿ. ನಿಮಗೆ ಪುಣ್ಯ ಬರಲಿ."

ನನ್ನ ತಪ್ಪುಗಳಿಗೆ ಬೈಗುಳ ಬಂದದ್ದುಂಟು, ದಂಡ ಬಿದ್ದದ್ದುಂಟು. ಪುಣ್ಯ ಬರಲಿ ಎಂದು ಹರಸಿದವರು ಅವರೊಬ್ಬರೇ. ಮರೆತ ಆ ಒಂದು ಸಾಲಿಗೆ, ಸೊನ್ನೆಯಿಂದ ಎಣಿಸುವ ಆ ಯಂತ್ರಕ್ಕೆ, ನಗು ನುಂಗಿಕೊಂಡ ಮೇಡಂಗೆ, ನೀರಿನೊಳಗೂ ಝುಂಯ್‌ಗುಟ್ಟಿದ ಆ ಫೋನಿಗೆ ನಾನು ನಿಂತಲ್ಲೇ ಮನಸ್ಸಿನಲ್ಲಿ ಕೈಮುಗಿದೆ.

ಜನ ಕರಗಿದರು. ಉಳಿದವರು ನಾವು ನಾಲ್ವರು, ಮೇಡಂ, ಮತ್ತು ಸ್ವಂತ ಕುರ್ಚಿಯ ಅಜ್ಜಿ. ಹೆಂಡತಿ ಅಮ್ಮನ ಯಂತ್ರಕ್ಕೆ ಎಣ್ಣೆ ಬಿಟ್ಟು, ತುಕ್ಕು ಒರೆಸಿ, ದಾರ ಪೋಣಿಸಿದಳು.

"ಇದು ನನಗೆ ಬೇಡ, ನಿನ್ನದೇ" ಅಂದಳು ಅಕ್ಕನಿಗೆ. "ಆದ್ರೆ ಇಲ್ಲೇ ಇರಲಿ. ಭಾನುವಾರ ಬೆಳಿಗ್ಗೆ ಬಾ. ಅಮ್ಮ ಹೇಗೆ ಹೇಳ್ಕೊಟ್ಟಳೋ ಹಾಗೇ ಹೇಳ್ಕೊಡ್ತೀನಿ. ಈಗ ಕೂತ್ಕೋ. ತುಳಿ."

ಅಕ್ಕ ಕೂತರು. ಬಟ್ಟೆಯ ತುಂಡನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ತುಳಿಯತೊಡಗಿದರು. ಕಟಕಟಕಟ! ಸೂಜಿ ಕುಣಿಯಿತು, ಬಟ್ಟೆ ಅಲುಗಲಿಲ್ಲ. ಒಂದೇ ಜಾಗದಲ್ಲಿ ದಾರ ಸುತ್ತಿ ಸುತ್ತಿ ಗಂಟಾಗಿ ಯಂತ್ರವೇ ಕಚ್ಚಿಕೊಂಡು ನಿಂತಿತು.

"ಬಿಗಿ ಹಿಡೀಬೇಡ ಕಣೇ! ಮುಂದಕ್ಕೆ ಹೋಗೋಕೆ ಬಿಡು!" ಹೆಂಡತಿ ನಕ್ಕಳು. "ಒಂದು ಹೊಲಿಗೆ, ಬಟ್ಟೆ ಸರೀಬೇಕು. ಇನ್ನೊಂದು ಹೊಲಿಗೆ, ಮತ್ತೆ ಸರೀಬೇಕು. ಸರಿಯದಿದ್ರೆ ಇದ್ದಲ್ಲೇ ಗಂಟು!"

ನಾನು ಕುರ್ಚಿಯಿಂದ ಜಿಗಿದೆ. "ಇದೇ! ಇದೇ ಕಣೇ ಲೂಪು! ನನ್ನ ಸ್ಕ್ರಿಪ್ಟಲ್ಲಿ ಆಗಿದ್ದೂ ಥೇಟ್ ಇದೇ! ಬೆರಳು ಸರಿಸಲಿಲ್ಲ, ಇದ್ದಲ್ಲೇ ಐನೂರು..."

ಹೆಂಡತಿಯ ಊದಿದ ಹೆಬ್ಬೆರಳಿನ ಸುಳ್ಳನ್ನು ಅಕ್ಕನೆದುರೇ ಬಯಲು ಮಾಡಿಬಿಟ್ಟೆ ಎಂದು ಹೊಳೆದು ನಾಲಿಗೆ ಕಚ್ಚಿಕೊಂಡೆ. ಅಕ್ಕ ಗಂಟು ಬಿಡಿಸುವುದರಲ್ಲಿ ಮಗ್ನರಾದವರಂತೆ ತಲೆ ತಗ್ಗಿಸಿದರು. ಅವರ ಭುಜಗಳು ಮಾತ್ರ ಕುಲುಕುತ್ತಿದ್ದವು. ಅದನ್ನು ಕಂಡು, ಅಕ್ಕನಿಗೆ ಎಲ್ಲ ಮೊದಲೇ ಗೊತ್ತಿತ್ತೆಂದು ಹೆಂಡತಿಗೂ ತಿಳಿಯಿತು. ಅವಳ ಮುಖ ಕೆಂಪಾಯಿತು. ಒಂದು ಕ್ಷಣ ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು, ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕರು.

ನಗು ನಿಂತ ಮೇಲೆ ಹೆಂಡತಿ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು. "ನಿಮ್ಮ ಲೂಪು ಅಂದ್ರೆ ಇಷ್ಟೇನಾ? ಇದಕ್ಕೆ ಮೂರು ಶನಿವಾರ ಬೇಕಾಯ್ತಾ? ನನ್ನ ಕ್ಲಾಸಲ್ಲಿ ಇದು ಮೊದಲನೇ ದಿನದ ಮೊದಲನೇ ಅರ್ಧ ಗಂಟೆ!"

ನಾನು ಸಹಾಯಕ್ಕಾಗಿ ಮೇಡಂ ಕಡೆ ನೋಡಿದೆ. ಅವರು ಚಹಾ ಲೋಟ ಕೆಳಗಿಟ್ಟು, ನನ್ನ ಹೆಂಡತಿಯ ಕೈ ಹಿಡಿದುಕೊಂಡು ಕೇಳುತ್ತಿದ್ದರು: "ಮುಂದಿನ ಬ್ಯಾಚಿಗೆ ಲೂಪಿನ ಪಾಠ ನೀವೇ ಬಂದು ಮಾಡ್ತೀರಾ?"

ಈಗ ಭಾನುವಾರ ಬೆಳಿಗ್ಗೆ ನಾನೂ ಹೊಲಿಗೆ ತರಗತಿಯಲ್ಲಿ ಕೂರುತ್ತೇನೆ, ಹಿಂದಿನ ಸಾಲಿನಲ್ಲಿ. ಅಕ್ಕ ಆಗಲೇ ದಿಂಬಿನ ಚೀಲ ಹೊಲಿದು ಮುಗಿಸಿದ್ದಾರೆ. ಪಕ್ಕದ ಮನೆ ಅಜ್ಜಿ ಗುಂಡಿ ಹಾಕಲು ಕಲಿತಿದ್ದಾರೆ. ನನಗೆ ಮಾತ್ರ ಹೆಂಡತಿ ಇನ್ನೂ ದಾರ ಕೊಟ್ಟಿಲ್ಲ. ಬರಿಯ ಸೂಜಿಯಲ್ಲಿ, ಕಾಗದದ ಮೇಲೆ, ನೇರವಾಗಿ ತೂತು ಹಾಕುತ್ತಿದ್ದೇನೆ.